ಯುಪೇರ್ ಯಾಕೆ ಅಳೋದಿಲ್ಲ? ಒಬ್ಬ ಫ್ರೆಂಚ್ ನಟಿ ಇಡೀ ಯೂರೋಪಿಗೆ ಸೇರಿದ್ದು ಹೇಗೆ?

ಪ್ರಶ್ನೆ: ಮೇಡಂ, ನಮಸ್ಕಾರ. ಈಚೆಗೆ ಮನೆಯಲ್ಲಿ ‘ದಿ ಪಿಯಾನೋ ಟೀಚರ್’ ನೋಡಿದೆ, ಆಮೇಲೆ ‘ಎಲ್’ ನೋಡಿದೆ. ಎರಡರಲ್ಲೂ ಇಸಬೆಲ್ ಯುಪೇರ್ ಇದ್ದಾರೆ. ಯೂರೋಪಿನ ಬಹಳ ದೊಡ್ಡ ನಟಿ ಅಂತ ಎಲ್ಲರೂ ಹೊಗಳುತ್ತಾರೆ. ನನಗೆ ಮಾತ್ರ ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಅಳಬೇಕಾದ ಕಡೆ ಅಳೋದಿಲ್ಲ, ಸಿಟ್ಟಾಗಬೇಕಾದ ಕಡೆ ಸುಮ್ನೆ ಇರ್ತಾರೆ. ಇನ್ನೊಂದು ಗೊಂದಲವೂ ಇದೆ. ಅವರು ಫ್ರಾನ್ಸಿನವರು, ಆದರೆ ನಿರ್ದೇಶಕರು ಆಸ್ಟ್ರಿಯಾ, ನೆದರ್ಲೆಂಡ್ಸ್, ಹಂಗೇರಿಯವರು. ಇದು ಹೇಗೆ ಸಾಧ್ಯ? ನಾನು ಬೇರೆ ಸಿನಿಮಾಗಳಿಂದ ಶುರು ಮಾಡಬೇಕಿತ್ತಾ? (ಶಿವಮೊಗ್ಗದ ಒಬ್ಬ ಓದುಗರು)

ಉತ್ತರ: ಹೌದು, ಬೇರೆ ಕಡೆಯಿಂದ ಶುರು ಮಾಡಿದ್ದರೆ ಸುಲಭ ಆಗುತ್ತಿತ್ತು. ಎಲ್ಲಿಂದ ಅನ್ನೋದನ್ನು ಕೊನೆಗೆ ಹೇಳುತ್ತೇನೆ. ಆದರೆ ನೀವು ಗಮನಿಸಿದ್ದು ಸರಿಯಾಗಿಯೇ ಇದೆ. ಯುಪೇರ್ ಅಳಬೇಕಾದ ಕಡೆ ಅಳೋದಿಲ್ಲ. ಐವತ್ತು ವರ್ಷಗಳಿಂದ ಅವರು ಬೇಕೆಂದೇ ಹಾಗೆ ಮಾಡುತ್ತಾ ಬಂದಿದ್ದಾರೆ. ಹಲವು ದೇಶಗಳ ನಿರ್ದೇಶಕರು ಅವರನ್ನು ಹುಡುಕಿಕೊಂಡು ಬಂದದ್ದೂ ಅದಕ್ಕೇ. ಹಾಗಾಗಿ ನಿಮ್ಮ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡೇ ಇವೆ.

ಮೊದಲು ಮುಖದ ವಿಷಯ. ‘ದಿ ಪಿಯಾನೋ ಟೀಚರ್’ನಲ್ಲಿ ಯುಪೇರ್ ಪಿಯಾನೋ ಕಲಿಸುವ ಎರಿಕಾ. ಅವಳ ಶಿಷ್ಯೆ ಹೆದರಿಕೊಂಡು ರಿಹರ್ಸಲ್‌ಗೆ ಬರುವ ದೃಶ್ಯ ನೆನಪಿದೆಯಾ? ಎರಿಕಾಳನ್ನು ಮೆಚ್ಚಿದ ಯುವಕ ವಾಲ್ಟರ್ ಆ ಹುಡುಗಿಗೆ ಧೈರ್ಯ ಹೇಳಿ ಅವಳ ಪಕ್ಕದಲ್ಲಿ ಕೂರುತ್ತಾನೆ. ಹುಡುಗಿ ನುಡಿಸತೊಡಗುತ್ತಾಳೆ. ಶೂಬರ್ಟ್‌ನ ಹಾಡು. ಕ್ಯಾಮೆರಾ ಎರಿಕಾಳ ಮುಖವನ್ನು ಬಿಟ್ಟು ಕದಲುವುದಿಲ್ಲ. ಅಲ್ಲಿ ಸಂಗೀತದ ಸುಖ ಇದೆ, ಹೊಟ್ಟೆಕಿಚ್ಚೂ ಇದೆ. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಹೇಳಲು ಬರುವುದಿಲ್ಲ. ಆಮೇಲೆ ಅವಳು ಎದ್ದು ಹೊರಗೆ ಹೋಗಿ, ಆ ಹುಡುಗಿಯ ಕೋಟಿನ ಜೇಬಿಗೆ ಒಡೆದ ಗಾಜು ಸುರಿಯುತ್ತಾಳೆ. ಬೇರೆ ನಟಿ ಆಗಿದ್ದರೆ ಮೊದಲೇ ಒಂದು ಸುಳಿವು ಕೊಡುತ್ತಿದ್ದರು. ತುಟಿ ಕಚ್ಚುವುದೋ, ಕಣ್ಣು ಕಿರಿದು ಮಾಡುವುದೋ ಏನಾದರೂ ಮಾಡುತ್ತಿದ್ದರು. ‘ಈಗ ಇವಳು ಕೆಟ್ಟದ್ದು ಮಾಡ್ತಾಳೆ’ ಅಂತ ನಾವು ಸಿದ್ಧರಾಗುತ್ತಿದ್ದೆವು. ಯುಪೇರ್ ಸುಳಿವು ಕೊಡೋದಿಲ್ಲ. ಗಾಜು ಬಿದ್ದ ಮೇಲೆ ನಾವು ಆ ಮುಖವನ್ನು ಮನಸ್ಸಿನಲ್ಲಿ ಮತ್ತೆ ನೋಡಬೇಕಾಗುತ್ತದೆ. ಆಗ ಅಲ್ಲಿ ಎಲ್ಲವೂ ಇತ್ತು ಅಂತ ಗೊತ್ತಾಗುತ್ತದೆ.

‘ಎಲ್’ನಲ್ಲೂ ಇದೇ ಕೆಲಸ. ಅಲ್ಲಿ ಅವರ ಪಾತ್ರದ ಹೆಸರು ಮಿಶೆಲ್. ಮನೆಗೆ ನುಗ್ಗಿದವನು ಮಿಶೆಲ್ ಮೇಲೆ ಅತ್ಯಾಚಾರ ಮಾಡಿ ಹೋದ ಮೇಲೆ ಅವಳು ಒಡೆದ ಚೂರುಗಳನ್ನು ಗುಡಿಸುತ್ತಾಳೆ, ಸ್ನಾನ ಮಾಡುತ್ತಾಳೆ, ಫೋನ್ ಮಾಡಿ ಸುಶಿ ತರಿಸುತ್ತಾಳೆ. ನೋಡುವವರಿಗೆ ಸಿಟ್ಟು ಬರುತ್ತದೆ. ಪೊಲೀಸರಿಗೆ ಯಾಕೆ ಹೇಳೋದಿಲ್ಲ, ಯಾಕೆ ಕುಸಿದು ಕೂರೋದಿಲ್ಲ ಅನ್ನಿಸುತ್ತದೆ. ಅವಳ ಅಪ್ಪ ಒಂದು ಕಾಲದಲ್ಲಿ ಅನೇಕರನ್ನು ಕೊಂದವನು, ಪೊಲೀಸರನ್ನೂ ಪತ್ರಿಕೆಯವರನ್ನೂ ಅವಳು ಚಿಕ್ಕಂದಿನಲ್ಲೇ ಕಂಡಿದ್ದಾಳೆ ಅನ್ನೋದು ಆಮೇಲೆ ಬರುತ್ತದೆ. ಯುಪೇರ್ ಆ ಕಾರಣವನ್ನು ಮುಂಚೆಯೇ ನಮ್ಮ ಕೈಗಿಟ್ಟು ಕರುಣೆ ಗಿಟ್ಟಿಸುವುದಿಲ್ಲ. ನನಗೆ ಅವರ ನಟನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಗೌರವ ಇರುವುದು ಇದರ ಮೇಲೆ. ಪಾತ್ರ ಒಳ್ಳೆಯವಳು ಅಂತ ಪ್ರೇಕ್ಷಕರ ಮುಂದೆ ಅವರು ಯಾವತ್ತೂ ವಕಾಲತ್ತು ಮಾಡುವುದಿಲ್ಲ.

ಇದು ಎಲ್ಲಿಂದ ಬಂತು? ಯುಪೇರ್ ಹುಟ್ಟಿದ್ದು 1953ರ ಮಾರ್ಚ್ 16ರಂದು, ಪ್ಯಾರಿಸ್‌ನಲ್ಲಿ. ಐದು ಮಕ್ಕಳಲ್ಲಿ ಕೊನೆಯವರು. ಚಿಕ್ಕಂದಿನಲ್ಲಿ ಪಿಯಾನೋ ಕಲಿತಿದ್ದರು, ಮುಂದೆ ನಟನೆಯ ಜೊತೆಗೆ ರಷ್ಯನ್ ಭಾಷೆಯನ್ನೂ ಓದಿದರು. ಎಪ್ಪತ್ತರ ದಶಕದ ಶುರುವಿನಲ್ಲಿ ಸಣ್ಣಪುಟ್ಟ ಪಾತ್ರಗಳು ಬಂದವು. ಅವರನ್ನು ನಿಜವಾಗಿ ನಿಲ್ಲಿಸಿದ್ದು 1977ರ ‘ದಿ ಲೇಸ್‌ಮೇಕರ್’. (ಹುಡುಕಲು ಸುಲಭವಾಗಲಿ ಅಂತ ಹೆಚ್ಚಿನ ಕಡೆ ಇಂಗ್ಲಿಷ್ ಹೆಸರುಗಳನ್ನೇ ಕೊಡುತ್ತಿದ್ದೇನೆ.) ನಿರ್ದೇಶಕ ಕ್ಲೋದ್ ಗೊರೆತಾ ಸ್ವಿಟ್ಜರ್ಲೆಂಡಿನವರು. ನೋಡಿ, ಮೊದಲ ದೊಡ್ಡ ಪಾತ್ರವೇ ಗಡಿಯಾಚೆಯಿಂದ ಬಂತು.

ಅದರ ಕತೆ ತೀರಾ ಸರಳ. ಪಾಮ್ ಅನ್ನುವ ಹುಡುಗಿ ಪ್ಯಾರಿಸ್‌ನ ಒಂದು ಸಲೂನಿನಲ್ಲಿ ಕೆಲಸ ಮಾಡುತ್ತಾಳೆ. ಮಾತು ಕಡಿಮೆ. ರಜೆಗೆ ಅಂತ ನಾರ್ಮಂಡಿ ಕರಾವಳಿಯ ಕಾಬೂರ್ಗ್‌ಗೆ ಹೋದಾಗ ಸಾಹಿತ್ಯ ಓದುವ ಒಬ್ಬ ಯುವಕ ಸಿಗುತ್ತಾನೆ. ಇಬ್ಬರೂ ಒಟ್ಟಿಗೆ ಇರಲು ಶುರು ಮಾಡುತ್ತಾರೆ. ಅವನಿಗೆ ಅವಳನ್ನು ‘ತಿದ್ದುವ’ ಆಸೆ. ಅವಳು ಓದಬೇಕು, ಮುಂದೆ ಬರಬೇಕು, ತನ್ನ ಗೆಳೆಯರ ನಡುವೆ ಕೂತು ಮಾತಾಡಬೇಕು. ಅವಳಿಗೆ ಹಾಗೆ ಅನ್ನಿಸುವುದೇ ಇಲ್ಲ. ಅವನು ಬೇಸತ್ತು ಬಿಟ್ಟುಬಿಡುತ್ತಾನೆ. ಅವಳು ಜಗಳ ಆಡದೆ ತನ್ನ ಸಾಮಾನು ಕಟ್ಟಿಕೊಂಡು ಅಮ್ಮನ ಮನೆಗೆ ಹೋಗುತ್ತಾಳೆ. ನಿಧಾನವಾಗಿ ಊಟ ಬಿಡುತ್ತಾಳೆ, ಒಳಗೊಳಗೇ ಕುಸಿಯುತ್ತಾಳೆ. ಕೊನೆಗೆ ಅವನು ಆಸ್ಪತ್ರೆಗೆ ನೋಡಲು ಬಂದಾಗ, ತಾನು ಗ್ರೀಸ್‌ಗೆ ಹೋಗಿದ್ದೆ ಅಂತ ಅವಳು ಹೇಳುತ್ತಾಳೆ. ಅವನು ಹೋದ ಮೇಲೆ ನಮಗೆ ಕಾಣುವುದು ಅವಳ ಹಿಂದಿನ ಗೋಡೆಯಲ್ಲಿರುವ ಗ್ರೀಸ್‌ನ ಪೋಸ್ಟರ್. ಅವಳು ತಲೆ ಎತ್ತಿ ನೇರವಾಗಿ ಕ್ಯಾಮೆರಾ ನೋಡುತ್ತಾಳೆ.

ಯುಪೇರ್‌ಗೆ ಆಗ 24 ವರ್ಷ. ಆ ನೋಟದಲ್ಲಿ ದೂರು ಇಲ್ಲ. ದೂರು ಇದ್ದಿದ್ದರೆ ‘ಪಾಪ ಹುಡುಗಿ’ ಅಂದುಕೊಂಡು ನಾವು ಎದ್ದು ಹೋಗಬಹುದಿತ್ತು. ಇಲ್ಲಿ ಹಾಗೆ ಎದ್ದು ಹೋಗಲು ಬಿಡುವುದಿಲ್ಲ. ಇಡೀ ಸಿನಿಮಾದಲ್ಲಿ ಅವಳನ್ನು ಅಳೆದು ತೂಗುತ್ತಿದ್ದವರು ನಾವು. ಕೊನೆಯಲ್ಲಿ ಅವಳು ನಮ್ಮನ್ನು ನೋಡುತ್ತಾಳೆ. ಮುಂದೆ ಯುಪೇರ್ ಮಾಡಿದ ಕೊಲೆಗಾರ್ತಿಯರು, ಸುಳ್ಳುಗಾರ್ತಿಯರು, ಎರಿಕಾ, ಮಿಶೆಲ್ ಎಲ್ಲರ ಬೇರು ಈ ಹುಡುಗಿಯಲ್ಲಿದೆ ಅಂತ ನಾನು ನಂಬಿದ್ದೇನೆ.

ಮರುವರ್ಷವೇ ಫ್ರೆಂಚ್ ನಿರ್ದೇಶಕ ಕ್ಲೋದ್ ಶಬ್ರೋಲ್ ಬಂದರು. 1978ರ ‘ವಿಯೋಲೆತ್ ನೊಜಿಯೇರ್’ ನಿಜವಾಗಿ ನಡೆದ ಪ್ರಕರಣ. 1933ರಲ್ಲಿ ಪ್ಯಾರಿಸ್‌ನ 18ರ ಹುಡುಗಿಯೊಬ್ಬಳು ಅಪ್ಪ ಅಮ್ಮನಿಗೆ ವಿಷ ಕೊಟ್ಟಳು. ಅಪ್ಪ ಸತ್ತ, ಅಮ್ಮ ಬದುಕಿದಳು. ಈ ಪಾತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ಯುಪೇರ್‌ಗೆ ಅತ್ಯುತ್ತಮ ನಟಿ ಪ್ರಶಸ್ತಿ ಬಂತು, ಅಮೆರಿಕದ ಜಿಲ್ ಕ್ಲೇಬರ್ಗ್ ಜೊತೆ ಹಂಚಿಕೊಂಡು. ಅಲ್ಲಿಂದ 2006ರವರೆಗೆ ಶಬ್ರೋಲ್ ಮತ್ತು ಯುಪೇರ್ ಏಳು ಸಿನಿಮಾ ಒಟ್ಟಿಗೆ ಮಾಡಿದರು. ಯೂರೋಪಿನಲ್ಲಿ ನಿರ್ದೇಶಕ ಮತ್ತು ನಟಿಯ ನಡುವೆ ಇಷ್ಟು ದೀರ್ಘ, ಇಷ್ಟು ಫಲ ಕೊಟ್ಟ ಜೊತೆಗಾರಿಕೆ ಅಪರೂಪ.

ಈ ಏಳರಲ್ಲಿ ನನ್ನ ಆಯ್ಕೆ ಎರಡು. ಒಂದು 1988ರ ‘ಸ್ಟೋರಿ ಆಫ್ ವುಮೆನ್’. ಬೇರೆ ಹೆಂಗಸರಿಗೆ ಗರ್ಭಪಾತ ಮಾಡಿಸಿದ್ದಕ್ಕಾಗಿ 1943ರಲ್ಲಿ ಗಿಲೊಟಿನ್‌ಗೆ ತಲೆ ಕೊಡಬೇಕಾಗಿ ಬಂದ ಮರಿ ಲೂಯಿಸ್ ಜಿರೋ ಎಂಬಾಕೆಯ ಬದುಕಿನಿಂದ ಹುಟ್ಟಿದ ಕತೆ ಅದು. ಫ್ರಾನ್ಸ್ ಜರ್ಮನರ ಕೈಯಲ್ಲಿದ್ದ ಕಾಲ. ಚಿತ್ರದಲ್ಲಿ ಮರಿ ಅನ್ನುವ ಈ ಹೆಂಗಸು ಮೊದಲು ಪಕ್ಕದ ಮನೆಯವಳಿಗೆ ಸಹಾಯ ಮಾಡುತ್ತಾಳೆ. ಆಮೇಲೆ ದುಡ್ಡು ಬರತೊಡಗುತ್ತದೆ. ಮಕ್ಕಳಿಗೆ ಹೊಟ್ಟೆ ತುಂಬಾ ಊಟ ಸಿಗುತ್ತದೆ, ಅವಳಿಗೆ ಒಳ್ಳೆಯ ಬಟ್ಟೆ, ಹಾಡುಗಾರ್ತಿ ಆಗುವ ಕನಸು. ದುಡ್ಡಿನ ರುಚಿ ಹತ್ತಿದ ಖುಷಿಯನ್ನು ಯುಪೇರ್ ಸ್ವಲ್ಪವೂ ಮುಚ್ಚಿಡೋದಿಲ್ಲ. ಅವಳನ್ನು ಹುತಾತ್ಮಳಾಗಿ ತೋರಿಸುವುದು ಎಷ್ಟು ಸುಲಭವಿತ್ತು! ಸ್ವಾರ್ಥಿಯೂ ಆಗಿದ್ದ ಒಬ್ಬ ಸಾಮಾನ್ಯ ಹೆಂಗಸನ್ನು ಸರ್ಕಾರ ಕೊಂದಿತು ಅನ್ನೋದು ಅದಕ್ಕಿಂತ ಎಷ್ಟೋ ಹೆಚ್ಚು ತಟ್ಟುತ್ತದೆ. ವೆನಿಸ್ ಚಿತ್ರೋತ್ಸವ ಇದಕ್ಕೆ ಅತ್ಯುತ್ತಮ ನಟಿ ಪ್ರಶಸ್ತಿ ಕೊಟ್ಟಿತು.

ಇನ್ನೊಂದು 1995ರ ‘ಲಾ ಸೆರೆಮೊನಿ’. ಬ್ರಿಟನಿ ಪ್ರದೇಶದ ಒಂದು ಶ್ರೀಮಂತ ಮನೆ. ಅಲ್ಲಿಗೆ ಕೆಲಸಕ್ಕೆ ಬರುವ ಸೊಫಿಗೆ ಓದು ಬರಹ ಬರುವುದಿಲ್ಲ. ಅದನ್ನು ಬಚ್ಚಿಡುವುದೇ ಅವಳ ಬದುಕು. ಸಾಂದ್ರಿನ್ ಬೊನೇರ್ ಆ ಪಾತ್ರ ಮಾಡಿದ್ದಾರೆ. ಯುಪೇರ್ ಊರಿನ ಪೋಸ್ಟ್ ಆಫೀಸಿನವಳು. ಬಾಯಿ ಜೋರು, ಬೇರೆಯವರ ಪತ್ರ ಒಡೆದು ಓದುತ್ತಾಳೆ. ಮುಖದಲ್ಲಿ ಏನೂ ಕಾಣೋದಿಲ್ಲ ಅಂದಿರಲ್ಲ, ಇದನ್ನು ನೋಡಿ. ಇಲ್ಲಿ ಎಲ್ಲವೂ ಹೊರಗೇ ಚೆಲ್ಲುತ್ತಿರುತ್ತದೆ. ಸುಮ್ಮನಿರುವವಳು ಬೊನೇರ್. ಕೊನೆ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ. ವೆನಿಸ್‌ನಲ್ಲಿ ಇಬ್ಬರಿಗೂ ಸೇರಿಸಿ ಪ್ರಶಸ್ತಿ ಬಂತು, ಫ್ರಾನ್ಸಿನ ಸೆಜಾರ್ ಪ್ರಶಸ್ತಿ ಯುಪೇರ್‌ಗೆ ಮೊದಲ ಸಲ ಸಿಕ್ಕಿದ್ದೂ ಇದಕ್ಕೇ.

ಈಗ ದೇಶಗಳ ಪ್ರಶ್ನೆಗೆ ಬರೋಣ. 1980ರ ಕಾನ್ ಚಿತ್ರೋತ್ಸವದ ಸ್ಪರ್ಧೆಯಲ್ಲಿ ಯುಪೇರ್ ನಟಿಸಿದ ಮೂರು ಸಿನಿಮಾ ಇದ್ದವು. ಒಂದು ಗೊಡಾರ್ ಅವರದು, ಒಂದು ಮೊರಿಸ್ ಪಿಯಾಲಾ ಅವರ ‘ಲುಲು’, ಮೂರನೆಯದು ಹಂಗೇರಿಯ ಮಾರ್ತಾ ಮೇಸಾರೊಶ್ ಅವರ ‘ದಿ ಹೇರಸಸ್’. ಮಕ್ಕಳಾಗದ ಶ್ರೀಮಂತ ಗೆಳತಿಗಾಗಿ ಮಗು ಹೆತ್ತುಕೊಡುವ ಯಹೂದಿ ಹುಡುಗಿಯ ಪಾತ್ರ ಅದು. ಆಗ ಹಂಗೇರಿ ಕಮ್ಯುನಿಸ್ಟ್ ದೇಶ, ಯೂರೋಪ್ ಎರಡು ಪಾಲಾಗಿತ್ತು. ಮೂವತ್ತು ದಾಟದ ನಟಿ ಆ ಗೆರೆಯ ಎರಡೂ ಕಡೆ ಕೆಲಸ ಮಾಡುತ್ತಿದ್ದರು. ಆಮೇಲೆ ಇಟಲಿಯ ಮಾರ್ಕೊ ಫೆರೇರಿ, ಪೋಲೆಂಡಿನ ಆಂದ್ರೇ ವಾಯ್ದಾ, ಜರ್ಮನಿಯ ವೆರ್ನರ್ ಶ್ರೋಯ್ಟರ್, ಇಟಲಿಯ ತಾವಿಯಾನಿ ಸಹೋದರರು, ಹೀಗೆ ಸಾಲು ಬೆಳೆಯಿತು. ಪಾತ್ರ ಯಾವುದು ಅನ್ನೋದಕ್ಕಿಂತ ನಿರ್ದೇಶಕರು ಯಾರು ಅಂತ ನೋಡಿ ಅವರು ಒಪ್ಪಿಕೊಳ್ಳುತ್ತಾರೆ. ಎಷ್ಟೋ ಸಂದರ್ಶನಗಳಲ್ಲಿ ಅವರೇ ಇದನ್ನು ಹೇಳಿದ್ದಾರೆ.

ಆದರೆ ನಟಿಯ ಇಷ್ಟ ಒಂದೇ ಸಾಲದು. ದುಡ್ಡೂ ಗಡಿ ದಾಟಬೇಕು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಯೂರೋಪಿನ ಸಿನಿಮಾ ಅರ್ಥವಾಗುವುದೇ ಇಲ್ಲಿಂದ. ಫ್ರಾನ್ಸಿನಲ್ಲಿ 1946ರಲ್ಲಿ ರಾಷ್ಟ್ರೀಯ ಸಿನಿಮಾ ಕೇಂದ್ರ ಶುರುವಾಯಿತು. ಅಲ್ಲಿ ಮಾರಾಟವಾಗುವ ಪ್ರತಿ ಸಿನಿಮಾ ಟಿಕೆಟ್‌ನಲ್ಲಿ ಶೇಕಡಾ 10.72ರಷ್ಟು ಆ ಕೇಂದ್ರದ ನಿಧಿಗೆ ಹೋಗುತ್ತದೆ. ಹಾಲಿವುಡ್ ಸಿನಿಮಾದ ಟಿಕೆಟ್ ಆದರೂ ಅಷ್ಟೇ. ಆ ದುಡ್ಡು ಹೊಸ ಸಿನಿಮಾ ತಯಾರಿಕೆಗೆ ವಾಪಸ್ ಬರುತ್ತದೆ. ಟಿವಿ ಚಾನೆಲ್‌ಗಳೂ ಸಿನಿಮಾಕ್ಕೆ ದುಡ್ಡು ಹಾಕಲೇಬೇಕು ಅನ್ನುವ ಕಾನೂನಿದೆ. ಫ್ರಾನ್ಸ್ ಮತ್ತು ಜರ್ಮನಿ ಸೇರಿ ನಡೆಸುವ ಆರ್ತೆ ಚಾನೆಲ್ 1992ರಲ್ಲಿ ಪ್ರಸಾರ ಶುರು ಮಾಡಿತು. ಇವುಗಳ ಜೊತೆಗೆ ದೇಶದೇಶಗಳ ನಡುವೆ ಜಂಟಿ ನಿರ್ಮಾಣದ ಒಪ್ಪಂದಗಳಿವೆ. ಎರಡು ದೇಶದ ನಿರ್ಮಾಪಕರು ಸೇರಿ ಸಿನಿಮಾ ಮಾಡಿದರೆ ಅದು ಎರಡೂ ದೇಶದ ಸ್ವಂತ ಸಿನಿಮಾ ಅನ್ನಿಸಿಕೊಂಡು ಎರಡೂ ಕಡೆಯ ನೆರವು ಪಡೆಯುತ್ತದೆ.

ಆದರೆ ನೆರವು ಸಿಗಬೇಕಾದರೆ ಆ ದೇಶದ ಪಾಲು ಕಾಣಬೇಕು. ಕಲಾವಿದರು, ತಂತ್ರಜ್ಞರು, ಭಾಷೆ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಬುಡಾಪೆಸ್ಟಿನ ಅಥವಾ ವಿಯೆನ್ನಾದ ನಿರ್ದೇಶಕರಿಗೆ ಮುಖ್ಯ ಪಾತ್ರದಲ್ಲಿ ಯುಪೇರ್ ಸಿಕ್ಕರೆ ಫ್ರಾನ್ಸಿನ ಬಾಗಿಲು ತೆರೆದ ಹಾಗೆ. ಅವರ ಹೆಸರು ಇದ್ದರೆ ಎಷ್ಟೋ ದೇಶಗಳಲ್ಲಿ ವಿತರಕರೂ ಮುಂದೆ ಬರುತ್ತಾರೆ. ಅಂದರೆ ಯುಪೇರ್ ಒಪ್ಪಿದ್ದರಿಂದಲೇ ತಯಾರಾದ ಸಿನಿಮಾಗಳಿವೆ. ಅವರ ವೃತ್ತಿಯ ಈ ಭಾಗದ ಬಗ್ಗೆ ಯಾರೂ ಅಷ್ಟಾಗಿ ಬರೆಯೋದಿಲ್ಲ. ನನಗೆ ಅದು ಅವರ ನಟನೆಯಷ್ಟೇ ದೊಡ್ಡದು.

‘ದಿ ಪಿಯಾನೋ ಟೀಚರ್’ ಇದಕ್ಕೆ ಒಳ್ಳೆಯ ಉದಾಹರಣೆ. ಕತೆ ವಿಯೆನ್ನಾದ್ದು, ಕಾದಂಬರಿ ಆಸ್ಟ್ರಿಯಾದ ಎಲ್ಫ್ರೀಡೆ ಯೆಲಿನೆಕ್ ಅವರದು, ನಿರ್ದೇಶಕ ಮಿಖಾಯೆಲ್ ಹನೆಕೆ ಆಸ್ಟ್ರಿಯಾದವರು. ಆದರೂ ಆ ವಿಯೆನ್ನಾದಲ್ಲಿ ಎಲ್ಲರೂ ಫ್ರೆಂಚ್ ಮಾತಾಡುತ್ತಾರೆ! ಯುಪೇರ್ ಇದ್ದರೆ ಮಾತ್ರ ನಿರ್ದೇಶನ ಮಾಡುತ್ತೇನೆ ಅಂತ ಹನೆಕೆ ಷರತ್ತು ಹಾಕಿದ್ದರು. ಅದಕ್ಕೂ ಮುಂಚೆ ‘ಫನ್ನಿ ಗೇಮ್ಸ್’ಗೆ ಕರೆದಾಗ ಯುಪೇರ್ ಒಪ್ಪಿರಲಿಲ್ಲ. 2001ರಲ್ಲಿ ಕಾನ್ ಚಿತ್ರೋತ್ಸವ ಈ ಚಿತ್ರಕ್ಕೆ ತನ್ನ ಎರಡನೇ ದೊಡ್ಡ ಪ್ರಶಸ್ತಿಯಾದ ಗ್ರಾಂಡ್ ಪ್ರಿ ಕೊಟ್ಟಿತು. ನಟಿ ಪ್ರಶಸ್ತಿ ಯುಪೇರ್‌ಗೆ, ನಟ ಪ್ರಶಸ್ತಿ ವಾಲ್ಟರ್ ಪಾತ್ರದ ಬೆನ್ವಾ ಮಜಿಮೆಲ್‌ಗೆ ಹೋಯಿತು. ಇದಕ್ಕೊಂದು ಹಿನ್ನೆಲೆ ಇದೆ. ಹತ್ತು ವರ್ಷ ಮೊದಲು, 1991ರಲ್ಲಿ, ಯುಪೇರ್ ಶ್ರೋಯ್ಟರ್ ಅವರ ‘ಮಲಿನಾ’ದಲ್ಲಿ ನಟಿಸಿದ್ದರು. ಅದೂ ವಿಯೆನ್ನಾದ ಕತೆ, ಇಂಗೆಬೋರ್ಗ್ ಬಾಖ್‌ಮನ್ ಅವರ ಕಾದಂಬರಿ. ಅದರ ಚಿತ್ರಕತೆ ಬರೆದವರು ಇದೇ ಯೆಲಿನೆಕ್. ಹಾಗಾಗಿ ಎರಿಕಾ ಆಗುವ ಹೊತ್ತಿಗೆ ಯುಪೇರ್‌ಗೆ ಯೆಲಿನೆಕ್ ಬರವಣಿಗೆ ಹೊಸದಾಗಿರಲಿಲ್ಲ. ಯೆಲಿನೆಕ್‌ಗೆ ನೊಬೆಲ್ ಬಂದದ್ದು 2004ರಲ್ಲಿ.

ಇನ್ನೂ ಕೇಳಿ. ಹನೆಕೆಯವರ ‘ಆಮೂರ್’ ನಡೆಯುವುದು ಪ್ಯಾರಿಸ್‌ನ ಒಂದು ಮನೆಯಲ್ಲಿ, ಭಾಷೆ ಫ್ರೆಂಚ್, ನಟರೂ ಹೆಚ್ಚಾಗಿ ಫ್ರೆಂಚರೇ. ಅದು ಆಸ್ಕರ್‌ಗೆ ಹೋದದ್ದು ಆಸ್ಟ್ರಿಯಾದ ಸಿನಿಮಾ ಆಗಿ, ಗೆದ್ದದ್ದೂ ಹಾಗೆಯೇ. ಅದರಲ್ಲಿ ಯುಪೇರ್ ಮಗಳ ಸಣ್ಣ ಪಾತ್ರ ಮಾಡಿದ್ದಾರೆ. ಉರ್ಸುಲಾ ಮೈಯರ್ ಅವರ ‘ಹೋಮ್’ ಸ್ವಿಟ್ಜರ್ಲೆಂಡ್, ಫ್ರಾನ್ಸ್, ಬೆಲ್ಜಿಯಂ ಸೇರಿ ಮಾಡಿದ್ದು, ಶೂಟಿಂಗ್ ಬಲ್ಗೇರಿಯಾದಲ್ಲಿ. ‘ಎಲ್’ ಮೊದಲು ಅಮೆರಿಕದಲ್ಲೇ ಆಗಬೇಕಿತ್ತು. ಅಲ್ಲಿನ ದೊಡ್ಡ ನಟಿಯರು ಆ ಪಾತ್ರ ಬೇಡ ಅಂದರು. ನೆದರ್ಲೆಂಡ್ಸಿನ ಪೌಲ್ ವರ್ಹೂವನ್ ಫ್ರೆಂಚ್ ಕಲಿತು ಪ್ಯಾರಿಸ್‌ಗೆ ಬಂದು ಅದನ್ನು ಮಾಡಿದರು. ಯುಪೇರ್‌ಗೆ ಗೋಲ್ಡನ್ ಗ್ಲೋಬ್, ಎರಡನೇ ಸೆಜಾರ್ ಎರಡೂ ಬಂದವು. ಆಸ್ಕರ್‌ಗೆ ಮೊದಲ ಸಲ ಹೆಸರು ಹೋದಾಗ ಅವರಿಗೆ 63 ವರ್ಷ.

ರಂಗಭೂಮಿಯನ್ನೂ ಅವರು ಬಿಟ್ಟಿಲ್ಲ. 2002ರಲ್ಲಿ ಪ್ಯಾರಿಸ್‌ನಲ್ಲಿ ಸಾರಾ ಕೇನ್ ಅವರ ‘4.48 ಸೈಕೋಸಿಸ್’ ಮಾಡಿದಾಗ ಹೆಚ್ಚು ಕಡಿಮೆ ಎರಡು ಗಂಟೆ ಒಂದೇ ಜಾಗದಲ್ಲಿ ಅಲುಗಾಡದೆ ನಿಂತು ಮಾತಾಡಿದ್ದರು. ಮುಖ ಮಾತ್ರವಲ್ಲ, ಇಡೀ ದೇಹವನ್ನೇ ಹಾಗೆ ಹಿಡಿದಿಡುವುದು ಅವರು ಕಷ್ಟಪಟ್ಟು ಸಾಧಿಸಿದ ವಿದ್ಯೆ.

ಅವರು ಮಾಡಿದ್ದೆಲ್ಲ ಚಿನ್ನ ಅಂತ ನಾನು ಹೇಳೋದಿಲ್ಲ. ನೂರಕ್ಕೂ ಹೆಚ್ಚು ಸಿನಿಮಾ ಮಾಡಿದವರಲ್ಲಿ ಏರುಪೇರು ಇದ್ದೇ ಇರುತ್ತದೆ. ಶಬ್ರೋಲ್ ಅವರ ‘ಮದಾಮ್ ಬೊವಾರಿ’ ನನಗೆ ಪುಸ್ತಕಕ್ಕೆ ತೀರಾ ವಿಧೇಯವಾಗಿ ಕಾಣುತ್ತದೆ. 2018ರ ‘ಗ್ರೇಟಾ’ದಲ್ಲಿ ಅವರ ತಣ್ಣಗಿನ ಮುಖವನ್ನು ಬರೀ ಹೆದರಿಸಲು ಬಳಸಿಕೊಂಡಿದ್ದಾರೆ. ಯುಪೇರ್ ಅಂದರೆ ಇಷ್ಟೇ, ಒಬ್ಬ ವಿಚಿತ್ರ ಹೆಂಗಸು ಅಂತ ಅಂದುಕೊಳ್ಳುವ ನಿರ್ದೇಶಕರು ಹೆಚ್ಚಾಗಿದ್ದಾರೆ. ಅದು ಬೇಸರದ ಸಂಗತಿ, ಯಾಕೆಂದರೆ ಅವರು ನಗಿಸಬಲ್ಲರು. ‘8 ವುಮೆನ್’ನಲ್ಲಿ ಸದಾ ಗೊಣಗುವ, ಮದುವೆಯಾಗದ ಚಿಕ್ಕಮ್ಮನ ಪಾತ್ರ ನೋಡಿ. ಕ್ಯಾಥರೀನ್ ದೆನ್ಯೂವ್, ಫ್ಯಾನಿ ಅರ್ದಾನ್, ಡ್ಯಾನಿಯೆಲ್ ದಾರ್ಯೂ ಇರುವ ಮನೆಯಲ್ಲಿ ಎಲ್ಲರ ಕಣ್ಣು ಇವರ ಮೇಲೇ.

ಸರಿ, ಎಲ್ಲಿಂದ ಶುರು? ಮಿಯಾ ಹಾನ್ಸೆನ್ ಲವ್ ಅವರ ‘ಥಿಂಗ್ಸ್ ಟು ಕಮ್’ನಿಂದ. ‘ಎಲ್’ ಬಂದ 2016ರಲ್ಲೇ ಬಂದದ್ದು. ನಥಾಲಿ ತತ್ವಶಾಸ್ತ್ರದ ಟೀಚರ್. 25 ವರ್ಷ ಸಂಸಾರ ಮಾಡಿದ ಗಂಡ ಬೇರೆಯವಳ ಜೊತೆ ಹೋಗುತ್ತಾನೆ, ಅಮ್ಮ ತೀರಿಕೊಳ್ಳುತ್ತಾಳೆ, ಪ್ರಕಾಶಕರು ಅವಳ ಪುಸ್ತಕಗಳನ್ನು ಕೈಬಿಡುತ್ತಾರೆ. ಒಂದು ದಿನ ಬಸ್ಸಿನಲ್ಲಿ ಕೂತು ಅಳುತ್ತಿರುತ್ತಾಳೆ. ಹೌದು, ಇಲ್ಲಿ ಅಳುತ್ತಾರೆ! ಕಿಟಕಿಯಾಚೆ ಗಂಡ ತನ್ನ ಹೊಸ ಗೆಳತಿಯ ಜೊತೆ ಹೋಗುವುದು ಕಾಣುತ್ತದೆ. ಅಳು ಹಾಗೇ ನಗುವಾಗುತ್ತದೆ. ಕೆಲವೇ ಸೆಕೆಂಡಿನ ಕೆಲಸ. ಈ ದೃಶ್ಯ ಇಷ್ಟವಾದರೆ ಉಳಿದ ಸಿನಿಮಾಗಳೂ ತೆರೆದುಕೊಳ್ಳುತ್ತವೆ. ಆಮೇಲೆ ‘ಲಾ ಸೆರೆಮೊನಿ’, ‘ಹೋಮ್’, ‘ದಿ ಲೇಸ್‌ಮೇಕರ್’ ನೋಡಿ. ‘ಸ್ಟೋರಿ ಆಫ್ ವುಮೆನ್’ಗೆ ಒಂದು ಸಂಜೆ ಬಿಡುವು ಮಾಡಿಕೊಂಡು ಕೂರಿ. ‘ಮಲಿನಾ’ ಇವೆಲ್ಲ ಆದ ಮೇಲೆ, ಅದು ನಿಜವಾಗಿ ಕಠಿಣ.

ಸಬ್‌ಟೈಟಲ್ ಇರುವ ಪ್ರತಿಯನ್ನೇ ಹುಡುಕಿ, ಇಂಗ್ಲಿಷಿಗೆ ಡಬ್ ಆದದ್ದು ಬೇಡ. ಅವರ ಧ್ವನಿ ಹೋದರೆ ಅರ್ಧ ನಟನೆ ಹೋದ ಹಾಗೆ. ಅಮೆರಿಕದಲ್ಲಿ ಅವರು ಮಾಡಿದ್ದರಲ್ಲಿ ನೋಡಲೇಬೇಕಾದದ್ದು 1980ರ ‘ಹೆವೆನ್ಸ್ ಗೇಟ್’. ಆಗ ಅದು ಸೋತು ಸ್ಟುಡಿಯೋವನ್ನೇ ಮುಳುಗಿಸಿತು. ಗಾಬರಿಯಲ್ಲಿ ಕತ್ತರಿಸಿದ ಎರಡೂವರೆ ಗಂಟೆಯ ಪ್ರತಿಯೂ ಓಡಾಡುತ್ತಿದೆ, ಅದನ್ನು ಮುಟ್ಟಬೇಡಿ. 2012ರಲ್ಲಿ ಸರಿಪಡಿಸಿದ, ಮೂರೂವರೆ ಗಂಟೆಗಿಂತ ಜಾಸ್ತಿ ಇರುವ ಪ್ರತಿಯನ್ನು ನೋಡಿ.